ಚಂದ್ರನ ಮೇಲೆ ಒಂದು ಎಕರೆ, ಖಾತೆ ಬಾಕಿ

ನನ್ನ ಭಾವಮೈದುನ ಮದುವೆಯ ಹತ್ತನೇ ವರ್ಷದ ನೆನಪಿಗೆ ಹೆಂಡತಿಗೆ ಚಂದ್ರನ ಮೇಲೆ ಒಂದು ಎಕರೆ ಕೊಡಿಸಿದ್ದಾನೆ. ಬೆಂಗಳೂರಿನ ಹೊರವಲಯದಲ್ಲಿ ಅವನಿಗೊಂದು ಮೂವತ್ತು-ನಲವತ್ತರ ಸೈಟೂ ಇದೆ, ಅದಕ್ಕೆ ಹನ್ನೊಂದು ವರ್ಷದಿಂದ ಖಾತೆ ಆಗಿಲ್ಲ. ಆ ಸೈಟಿನ ಮಾತೆತ್ತಿದರೆ ಮುಖ ಸಣ್ಣಗೆ ಮಾಡಿಕೊಳ್ಳುವವನು ಚಂದ್ರನ ಪತ್ರಕ್ಕೆ ಕಟ್ಟು ಹಾಕಿಸಿ, ಮದುವೆಯ ಫೋಟೊದ ಪಕ್ಕದಲ್ಲೇ ತೂಗುಹಾಕಿದ್ದಾನೆ.

ಹತ್ತಿರ ಹೋಗಿ ನೋಡಿದೆ. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ಮೂಲೆಯಲ್ಲಿ ಮಿರಮಿರ ಮಿನುಗುವ ಮೊಹರು. ಚಂದ್ರನ ನಕ್ಷೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ನಕ್ಷೆಯ ಅಳತೆಗೆ ಆ ಚುಕ್ಕೆಯೇ ಒಂದು ತಾಲ್ಲೂಕಿನಷ್ಟಾಗುತ್ತದೆ, ಅದರೊಳಗೆ ಇವನ ಎಕರೆ ಎಲ್ಲೋ ಇರಬೇಕು.

“ಶಾಂತಿಸಾಗರದ ದಂಡೆ, ಭಾವ” ಎಂದ. ಚನ್ನಗಿರಿಯ ಶಾಂತಿಸಾಗರದಲ್ಲಾದರೆ ನೀರಿದೆ. ಚಂದ್ರನದರಲ್ಲಿ ಇರುವುದು ಕೋಟ್ಯಂತರ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಹಳೆಯ ಕಾಲದ ಖಗೋಳಜ್ಞರು ಆ ಕಪ್ಪು ಬಯಲುಗಳಿಗೆ ಸಾಗರವೆಂದು ಹೆಸರಿಟ್ಟರು, ಅದೇ ನಿಂತಿತು. ನಾನು ಹೆಚ್ಚು ವಾದಿಸಲಿಲ್ಲ. ಅವನು ಬಾಡಿಗೆಗಿರುವ ಬಡಾವಣೆಯ ಹೆಸರಿನಲ್ಲೂ ಕೆರೆಯಿದೆ, ಬೇಸಿಗೆಯಲ್ಲಿ ನಲ್ಲಿಯಲ್ಲಿ ಬರುವುದು ಗಾಳಿ.

ಕಾನೂನು ಏನನ್ನುತ್ತದೆ ಎಂದು ಕೇಳಿದೆ. ಚಂದ್ರನನ್ನು ಯಾವ ದೇಶವೂ ತನ್ನದೆಂದು ಹೇಳಿಕೊಳ್ಳುವಂತಿಲ್ಲ ಎಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತದೆ, ಭಾರತವೂ ಅದನ್ನು ಒಪ್ಪಿದೆ. “ದೇಶ ಅಂದಿದ್ದಾರೆ ಭಾವ, ವ್ಯಕ್ತಿ ಅಂದಿಲ್ಲ!” ಎಂದು ಅವನು ಕಣ್ಣು ಮಿಟುಕಿಸಿದ. ಈ ಸಂದನ್ನು 1980ರಲ್ಲೇ ಕಂಡುಹಿಡಿದವನು ಒಬ್ಬ ಅಮೆರಿಕನ್. ಚಂದ್ರ ನನ್ನದು, ತಕರಾರಿದ್ದರೆ ತಿಳಿಸಿ ಎಂದು ವಿಶ್ವಸಂಸ್ಥೆಗೆ ಪತ್ರ ಬರೆದನಂತೆ, ಉತ್ತರ ಬರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಎಕರೆ ಲೆಕ್ಕದಲ್ಲಿ ಮಾರಾಟಕ್ಕಿಟ್ಟ. ಖಾಸಗಿಯವರು ಬಾಹ್ಯಾಕಾಶದಲ್ಲಿ ಮಾಡುವ ಕೆಲಸಕ್ಕೂ ಅವರವರ ದೇಶವೇ ಹೊಣೆ ಎಂದು ಅದೇ ಒಪ್ಪಂದದ ಆರನೇ ವಿಧಿ ಹೇಳುತ್ತದೆ. ಆದರೆ ಸೈಟು ಕೊಳ್ಳುವವರು ಕರಾರುಪತ್ರವನ್ನು ಆರನೇ ವಿಧಿಯವರೆಗೆ ಓದಿದ್ದನ್ನು ನಾನು ಭೂಮಿಯ ಮೇಲೂ ಕಂಡಿಲ್ಲ.

ಇನ್ನು ಅಭಾವದ ಮಾತು. ಚಂದ್ರನ ಮೈ ಸುಮಾರು 937 ಕೋಟಿ ಎಕರೆ. ಭೂಮಿಯ ಮೇಲಿರುವ ಎಲ್ಲರಿಗೂ ತಲೆಗೊಂದು ಎಕರೆ ಹಂಚಿದರೂ ಗೋಮಾಳಕ್ಕೆ ಮಿಗುತ್ತದೆ. ಆದರೂ “ಕೆಲವೇ ಸೈಟುಗಳು ಬಾಕಿ” ಎಂಬ ಸಂದೇಶ ಅವನ ಮೊಬೈಲಿಗೆ ಈಗಲೂ ಬರುತ್ತಿದೆ.

ಮನೆ ಕಟ್ಟಿ ಬಾಡಿಗೆಗೆ ಕೊಡುವ ಯೋಚನೆಯೂ ಇದೆ. ಅಲ್ಲಿ ಸೂರ್ಯ ಒಮ್ಮೆ ಹುಟ್ಟಿ ಮತ್ತೊಮ್ಮೆ ಹುಟ್ಟಲು ಇಲ್ಲಿನ 29.5 ದಿನ ಬೇಕು. ಚಂದ್ರನಿಗೂ ಮಾಸಕ್ಕೂ ತಿಂಗಳು ಎಂದೇ ಕರೆದ ನಮ್ಮ ಹಿರಿಯರಿಗೆ ಇದು ಗೊತ್ತಿದ್ದಂತಿದೆ: ಅಲ್ಲಿ ದಿನದ ಬಾಡಿಗೆಯೂ ತಿಂಗಳ ಬಾಡಿಗೆಯೂ ಒಂದೇ. ಹಗಲು 120 ಡಿಗ್ರಿ ಸೆಲ್ಸಿಯಸ್, ರಾತ್ರಿ ಸೊನ್ನೆಗಿಂತ ಸುಮಾರು 170 ಡಿಗ್ರಿ ಕೆಳಗೆ. ಗಾಳಿಯಿಲ್ಲ, ಹಾಗಾಗಿ ಗಾಳಿ-ಬೆಳಕು ಚೆನ್ನಾಗಿದೆ ಎಂದು ಜಾಹೀರಾತು ಕೊಟ್ಟರೆ ಅರ್ಧ ಸುಳ್ಳು.

ಒಂದು ಅನುಕೂಲವನ್ನು ಮಾತ್ರ ಒಪ್ಪಬೇಕು. ಸೂರ್ಯನನ್ನು ಬಿಟ್ಟು ನಕ್ಷತ್ರಗಳ ಲೆಕ್ಕ ಹಿಡಿದರೆ ಚಂದ್ರ ತನ್ನ ಸುತ್ತ ತಿರುಗಲು ತೆಗೆದುಕೊಳ್ಳುವುದು 27.3 ದಿನ, ಭೂಮಿಯನ್ನು ಬಳಸಿ ಬರಲೂ ಅಷ್ಟೇ ದಿನ. ಆದ್ದರಿಂದ ಯಾವಾಗಲೂ ನಮಗೆ ಒಂದೇ ಮುಖ ತೋರಿಸುತ್ತಾನೆ. ಹುಣ್ಣಿಮೆಯ ದಿನ ತಾರಸಿ ಹತ್ತಿದರೆ ಸೈಟಿನ ಮೇಲೆ ಕಣ್ಣಿಡಬಹುದು. ಹೊರವಲಯದ ಸೈಟಿಗೆ ಈ ಭಾಗ್ಯವಿಲ್ಲ. ಅದರ ಮೇಲೆ ಯಾರೋ ಶೆಡ್ಡು ಹಾಕಿದ್ದು ಇವನಿಗೆ ತಿಳಿದದ್ದು ಆರು ತಿಂಗಳ ನಂತರ.

ಆದರೆ ಆಸ್ತಿ ದೂರ ಸರಿಯುತ್ತಿದೆ. 1969ರಲ್ಲಿ ಅಪೊಲೊ-11ರವರು ಇದೇ ಶಾಂತಿಸಾಗರದಲ್ಲಿ ಇಟ್ಟುಬಂದ ಪ್ರತಿಫಲಕಕ್ಕೆ ವಿಜ್ಞಾನಿಗಳು ಲೇಸರ್ ಬಿಟ್ಟು ಅಳೆಯುತ್ತಾ ಬಂದಿದ್ದಾರೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗುತ್ತಿದ್ದಾನೆ. ಅವನೇ ಎಬ್ಬಿಸುವ ಕಡಲಿನ ಉಬ್ಬರವನ್ನು ತಿರುಗುವ ಭೂಮಿ ಸ್ವಲ್ಪ ಮುಂದಕ್ಕೆ ಒಯ್ಯುತ್ತದೆ, ಆ ಉಬ್ಬು ಅವನನ್ನು ಮುಂದಕ್ಕೆ ಜಗ್ಗಿ ಕಕ್ಷೆಯನ್ನು ಹಿಗ್ಗಿಸುತ್ತದೆ. ಮಲ್ಪೆಯ ಕಡಲೂ ಇದರಲ್ಲಿ ಶಾಮೀಲು ಎಂದೆ. “ಊರಿಂದ ದೂರ ಇದ್ದಷ್ಟೂ ಪ್ರಶಾಂತ, ಭಾವ” ಎಂದ.

ಕೊನೆಗೆ ಚಕ್ಕುಬಂದಿ ಕೇಳಿದೆ. ಪತ್ರದಲ್ಲಿ ಇರಲಿಲ್ಲ. “ನಾಲ್ಕೂ ಕಡೆ ಖಾಲಿ” ಎಂದು ನಕ್ಕ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನು. ದನಿ ನಡುಗುತ್ತಿತ್ತು. ಅವನ ಕಚೇರಿಯ ಸಹೋದ್ಯೋಗಿಯೊಬ್ಬ ಪೂರ್ವಕ್ಕಿರುವ ಎಕರೆ ಕೊಂಡಿದ್ದಾನಂತೆ. ಎರಡೂ ಪತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಚುಕ್ಕೆಗಳು ಒಂದರ ಮೇಲೊಂದು ಬರುತ್ತಿವೆಯಂತೆ.

“ಕಡಿಮೆ ಎಂದರೂ ಒಂದಡಿ ಒಳಗೆ ಬಂದಿದ್ದಾನೆ, ಭಾವ. ಹದ್ದುಬಸ್ತಿಗೆ ಅರ್ಜಿ ಎಲ್ಲಿ ಕೊಡಬೇಕು?”