ಛೆಟ್ರಿ ಜೊತೆ ವೆಸ್ಟ್ ಬ್ಲಾಕ್‌ಗೂ ಒಂದು ಸಾಲು ಬೇಕಿತ್ತು

ಡಿಸೆಂಬರ್ 7, 2024ರಂದು ಕಂಠೀರವ ಸ್ಟೇಡಿಯಂನಲ್ಲಿ ನಡೆದ ಬೆಂಗಳೂರು ಎಫ್‌ಸಿ–ಕೇರಳ ಬ್ಲಾಸ್ಟರ್ಸ್ ಫುಟ್‌ಬಾಲ್ ಡರ್ಬಿಯನ್ನು ನಮ್ಮ ಸುನಿಲ್ ಛೆಟ್ರಿ ಒಬ್ಬರೇ ಗೆಲ್ಲಿಸಿದರು ಅಂತ ನಿಮ್ಮ ವರದಿಯಲ್ಲಿ ಬರೆದಿದ್ದೀರಿ. ಹ್ಯಾಟ್ರಿಕ್ ಅವರದೇ, ಅದೂ 40ನೇ ವಯಸ್ಸಿನಲ್ಲಿ, ಒಪ್ಪಿದೆ. ಆದರೆ ಬೆಂಗಳೂರು ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್ ಬಗ್ಗೆ ಒಂದು ಮಾತೂ ಇಲ್ಲ! ನಾವು 2–0 ಮುಂದಿದ್ದ ಆಟವನ್ನು ಬ್ಲಾಸ್ಟರ್ಸ್ 67ನೇ ನಿಮಿಷಕ್ಕೆ 2–2 ಮಾಡಿಬಿಟ್ಟರಲ್ಲ, ಆಗ ಹಳದಿ ಜರ್ಸಿಯ ಅವರ ಅಭಿಮಾನಿಗಳ ಗದ್ದಲಕ್ಕೆ ಇದು ನಮ್ಮ ಮನೆಯೋ ಅವರದೋ ಅನ್ನಿಸುವಂತಿತ್ತು. ಆದರೂ ವೆಸ್ಟ್ ಬ್ಲಾಕ್‌ನ ನೀಲಿ ಹುಡುಗರು ಸುಮ್ಮನಾಗಲಿಲ್ಲ. ಮಧ್ಯೆ ಓಟದ ಟ್ರ್ಯಾಕ್ ಇರುವ ಸ್ಟೇಡಿಯಂ ಅದು, ಅರ್ಧ ಕೂಗು ಗಾಳಿಗೇ ಹೋಗುತ್ತದೆ, ಅಲ್ಲಿಂದ ಆಟಗಾರರಿಗೆ ಕೇಳಿಸಬೇಕು ಅಂದ್ರೆ ಗಂಟಲು ಹರಿಯಬೇಕು. 73ಕ್ಕೆ ಛೆಟ್ರಿ ಮತ್ತೆ ಹೊಡೆದರು ನೋಡಿ, ಪಕ್ಕದಲ್ಲಿ ಯಾರಿದ್ದಾರೆ ಅಂತಲೂ ನೋಡದೆ ತಬ್ಬಿಕೊಂಡೆ. ಇಂಜುರಿ ಟೈಮ್‌ನಲ್ಲಿ ನಾಲ್ಕನೆಯದು! ಅಕ್ಟೋಬರ್‌ನಲ್ಲಿ ಕೊಚ್ಚಿಯಲ್ಲಿ 3–1 ಗೆದ್ದಿದ್ದಕ್ಕಿಂತ ಇದೇ ಜಾಸ್ತಿ ರುಚಿ.