ಅಪ್ಪನ ಹೆಸರಿನಲ್ಲಿ ಹಾರುವ ಮಕ್ಕಳು

ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ಕುಳಿತ ಹುಡುಗಿಯ ಮೇಲೆ ಕೂಗಾಡುವುದರಲ್ಲಿ ಅರ್ಥವಿಲ್ಲ. ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು, ಟಿಕೆಟ್‌ನಲ್ಲಿ ಇನ್ನೊಂದು ಇದ್ದಾಗ ಆಕೆ ಬೋರ್ಡಿಂಗ್ ಪಾಸ್ ಕೊಡಲು ಹಿಂಜರಿಯುವುದು ಹಟದಿಂದಲ್ಲ. ಸರಿಯಾದ ದಾಖಲೆಯಿಲ್ಲದವರನ್ನು ಕರೆದೊಯ್ದರೆ ಹಲವು ದೇಶಗಳು ವಿಮಾನ ಸಂಸ್ಥೆಗೇ ದಂಡ ಹಾಕುತ್ತವೆ, ವಾಪಸ್ ಕರೆತರುವ ಹೊಣೆಯೂ ಅದರದೇ. ತಂಟೆ ಹುಟ್ಟುವುದು ಅಲ್ಲಲ್ಲ, ಎಷ್ಟೋ ವರ್ಷ ಮೊದಲು ನಾವು ಪಾಸ್‌ಪೋರ್ಟ್ ಅರ್ಜಿ ತುಂಬಿದ ದಿನ.

ಅರ್ಜಿಯಲ್ಲಿ ಎರಡು ಖಾನೆ: ಹೆಸರು, ಉಪನಾಮ. ಉತ್ತರ ಕರ್ನಾಟಕದವರು ನಿಶ್ಚಿಂತೆಯಿಂದ ಪಾಟೀಲ, ಹಿರೇಮಠ ಎಂದು ಬರೆಯುತ್ತಾರೆ. ಕರಾವಳಿಯವರಿಗೆ ಶೆಟ್ಟಿ, ಪೈ, ಭಟ್ ಇವೆ. ಹಳೆ ಮೈಸೂರಿನ ನಮ್ಮಲ್ಲಿ ಅನೇಕರಿಗೆ ಇರುವುದು ಬರೀ ಇನಿಶಿಯಲ್, ಊರಿನದೊಂದು, ಅಪ್ಪನದೊಂದು. ಅದನ್ನು ಬಿಡಿಸಿಯೇ ಬರೆಯಬೇಕು. 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿದ್ದ ಎಸ್.ಎಂ. ಕೃಷ್ಣ ಅವರ ಹೆಸರನ್ನೇ ನೋಡಿ. ಎಸ್ ಎಂದರೆ ಸೋಮನಹಳ್ಳಿ, ಎಂ ಎಂದರೆ ತಂದೆ ಮಲ್ಲಯ್ಯ. ಪಾಸ್‌ಪೋರ್ಟ್ ಕೊಡುವ ಖಾತೆಯ ಸಚಿವರ ಹೆಸರೇ ಆ ಎರಡು ಖಾನೆಗಳಲ್ಲಿ ಸಲೀಸಾಗಿ ಕೂರುವುದಿಲ್ಲ!

ಹಾಗಾಗಿ ಕೆಲವರು ಉಪನಾಮ ಖಾಲಿ ಬಿಡುತ್ತಾರೆ. ಅಂಥವರಲ್ಲಿ ಒಂದೇ ಪದದ ಹೆಸರಿನವರಿಗೆ 2022ರ ನವೆಂಬರ್‌ನಲ್ಲಿ ಯುಎಇ ಬಿಸಿ ಮುಟ್ಟಿಸಿತು. ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂದು ಆಮೇಲೆ ಸಡಿಲಿಸಿದರೂ ಎಷ್ಟು ಮನೆಗಳಲ್ಲಿ ಆ ವಾರ ನಿದ್ದೆ ಕೆಟ್ಟಿತೋ. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರು ಉಪನಾಮದ ಜಾಗಕ್ಕೆ ಹೋಗುತ್ತದೆ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ. ಹೆಸರು ತಿಳಿದಿಲ್ಲ ಎಂದು ಇದರರ್ಥ. ಅಜ್ಜಿ ತೊಟ್ಟಿಲಿನಲ್ಲಿ ಮೂರು ಸಲ ಕೂಗಿ ಇಟ್ಟ ಹೆಸರಿಗೆ ಈ ಗತಿ.

ಇನ್ನು ಕೆಲವರು ಉಪನಾಮದಲ್ಲಿ ಅಪ್ಪನ ಹೆಸರು ಹಾಕುತ್ತಾರೆ. ಆಗ ಅಮೆರಿಕದ ಕಚೇರಿಯಲ್ಲಿ ಮಗ ಮಿಸ್ಟರ್ ರಂಗಸ್ವಾಮಿ, ತುಮಕೂರಿನಲ್ಲಿರುವ ಅಪ್ಪನೂ ರಂಗಸ್ವಾಮಿ. ನಮ್ಮ ಪರಿಚಿತರ ಮನೆಯಲ್ಲಿ ಹೀಗೇ ಇತ್ತು. ಮಗ ಅಲ್ಲಿಂದಲೇ ಅಮ್ಮನಿಗೆ ಟಿಕೆಟ್ ತೆಗೆದ. ತನ್ನ ಉಪನಾಮವನ್ನೇ ಅಮ್ಮನಿಗೂ ಅಂಟಿಸಿದ. ಆಕೆಯ ಪಾಸ್‌ಪೋರ್ಟ್‌ನಲ್ಲಿದ್ದದ್ದು ತವರಿನ ಊರಿನ ಹೆಸರು. ರಂಗಸ್ವಾಮಿ ಇದ್ದದ್ದು ಕೊನೆಯ ಪುಟದಲ್ಲಿ, ಗಂಡನ ಹೆಸರಿನ ಸಾಲಿನಲ್ಲಿ ಮಾತ್ರ. ಪುಣ್ಯಕ್ಕೆ ಹೊರಡುವ ಮುಂಚೆ ಸೊಸೆಯ ಕಣ್ಣಿಗೆ ಬಿತ್ತು. ಟಿಕೆಟ್ ಮಾರಿದ ಏಜೆನ್ಸಿ ತಿದ್ದಿಕೊಟ್ಟಿತು, ಸುಮ್ಮನೆ ಅಲ್ಲ, ಹಣ ಕಿತ್ತುಕೊಂಡು.

ವಿಮಾನ ಸಂಸ್ಥೆಯ ಜಾಲತಾಣದಲ್ಲೇ ಟಿಕೆಟ್ ಕೊಂಡು 24 ಗಂಟೆಯೊಳಗೆ ತಪ್ಪು ತಿಳಿಸಿದರೆ ಅದೇ ವ್ಯಕ್ತಿಯ ಹೆಸರು ತಿದ್ದಲು ಶುಲ್ಕ ಕೇಳಬಾರದು ಎಂದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವೇ ಇದೆ. ಆದ್ದರಿಂದ ಟಿಕೆಟ್ ಇಮೇಲ್‌ಗೆ ಬಂದ ಕೂಡಲೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಆಧಾರ್ ಬೇಡ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ಬೇಡ. ಅಂಕಪಟ್ಟಿಯ ಮಂಜುನಾಥ ಪಾಸ್‌ಪೋರ್ಟ್‌ನಲ್ಲಿ ಮಂಜುನಾಥ್ ಆಗಿರುತ್ತಾನೆ, ಇಂಗ್ಲಿಷಿನಲ್ಲಿ ಒಂದು ‘ಎ’ ಕಡಿಮೆ. ಮದುವೆಯಾಗಿ ಹೊಸದಾಗಿ ಹೊರಟ ಹುಡುಗಿಯರಿಗೂ ಇದೇ ಮಾತು. ಪಾಸ್‌ಪೋರ್ಟ್‌ನಲ್ಲಿ ಹಳೆಯ ಹೆಸರಿದ್ದರೆ ಟಿಕೆಟ್ಟೂ ಹಳೆಯ ಹೆಸರಿನಲ್ಲೇ ಇರಲಿ, ಅತ್ತೆ ಮನೆಯವರು ಏನಂದುಕೊಂಡರೂ ಸರಿ. ಒಂದು ವಿಷಯಕ್ಕೆ ಮಾತ್ರ ಗಾಬರಿ ಬೀಳಬೇಡಿ: ಟಿಕೆಟ್‌ನಲ್ಲಿ ಪದಗಳ ನಡುವಿನ ಜಾಗ ಮಾಯವಾಗಿ, ಹೆಸರಿನ ಬಾಲಕ್ಕೆ ಮಿಸ್ಟರ್‌ನ ‘ಎಂಆರ್’ ಅಂಟಿಕೊಂಡಿರುವುದು ಟಿಕೆಟ್ ಕಾಯ್ದಿರಿಸುವ ಗಣಕ ವ್ಯವಸ್ಥೆಯ ರೂಢಿ, ದೋಷವಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆಯದಕ್ಕೆ. ಖಾನೆ ಖಾಲಿ ಇರಬಾರದು ಎಂದು ಈಗ ಎಳೆ ಮಕ್ಕಳ ಹೆಸರಿಗೆ ಜಾತಿ ಸೇರಿಸುತ್ತಿದ್ದಾರೆ. ಅಜ್ಜನ ಕಾಲದಲ್ಲೇ ಅದನ್ನು ಕೈಬಿಟ್ಟ ಮನೆಗಳಲ್ಲೂ! ವೀಸಾಕ್ಕೆ ಅನುಕೂಲವಂತೆ. ಏನಾದರೂ ಬರೆಯಲೇಬೇಕಿದ್ದರೆ ಊರಿನ ಹೆಸರು ಬರೆಯಿರಿ, ಅದು ಮೊದಲಿನಿಂದಲೂ ನಮ್ಮ ಹೆಸರಿನಲ್ಲಿ ಇದ್ದದ್ದೇ. ಆದರೆ ಜನನ ಪ್ರಮಾಣಪತ್ರದಲ್ಲೇ ಬರೆಸಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳ ಪಾಸ್‌ಪೋರ್ಟ್‌ಗೆ ಜನ್ಮದಿನಾಂಕದ ಪುರಾವೆಯಾಗಿ ಅದೊಂದನ್ನೇ ಒಪ್ಪುತ್ತಾರೆ. ಅಣ್ಣನಿಗೂ ತಂಗಿಗೂ ಒಂದೇ ರೀತಿ ಬರೆಸಿ, ಒಬ್ಬರಿಗೆ ಊರು, ಇನ್ನೊಬ್ಬರಿಗೆ ಅಪ್ಪ ಎಂದು ಮಾಡಬೇಡಿ.