ಕತ್ತಿ ಅದ್ದಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ

ಅಡಿಕೆ ಕೊಳೆರೋಗದ ಲೇಖನ ಚೆನ್ನಾಗಿದೆ. ಆದರೆ ಆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಹದ ನೋಡಲು ಕತ್ತಿ ಅದ್ದಿದರೆ ಸಾಕು ಎಂದು ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ.

100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, ಈ ಲೆಕ್ಕ ತೋಟದವರಿಗೆಲ್ಲ ಬಾಯಿಪಾಠ. ತೊಂದರೆ ಇರುವುದು ಸುಣ್ಣದಲ್ಲಿ. ಚೀಲ ಒಡೆದು ಗಾಳಿ ತಾಗಿದ ಸುಣ್ಣದ ಶಕ್ತಿ ಕಡಿಮೆ. ತೂಕ ಸರಿ ಇದ್ದರೂ ಪಿಎಚ್ (ಆಮ್ಲ-ಕ್ಷಾರದ ಅಳತೆ: 7 ಸಮ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಡ್ರಮ್ಮಿನಿಂದ ಡ್ರಮ್ಮಿಗೆ ಬದಲಾಗುತ್ತದೆ. ಸುಣ್ಣ ಸಾಲದೆ ದ್ರಾವಣ ಆಮ್ಲೀಯವಾಗಿದ್ದರೆ ಉಜ್ಜಿದ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ, ನಿಜ. ಸುಣ್ಣ ಜಾಸ್ತಿಯಾದರೆ? ಕತ್ತಿ ಹಾಗೇ ಹೊಳೆಯುತ್ತಿರುತ್ತದೆ. ಕ್ಷಾರ ಎಷ್ಟು ಏರಿದೆ ಎಂದು ಅದರಿಂದ ತಿಳಿಯುವುದಿಲ್ಲ.

ಪಿಎಚ್ ಪೇಪರ್ ಎರಡೂ ಕಡೆಯ ವ್ಯತ್ಯಾಸ ತೋರಿಸುತ್ತದೆ. ಚೆನ್ನಾಗಿ ಕಲಕಿ, ಪಟ್ಟಿಯ ತುದಿ ಅದ್ದಿ, ಬಣ್ಣವನ್ನು ಜೊತೆಗೆ ಬರುವ ಚಾರ್ಟಿಗೆ ಹೋಲಿಸಿ. 7ರ ಆಸುಪಾಸು ಇದ್ದರೆ ಸಿಂಪಡಿಸಬಹುದು. 5 ಬಂದರೆ ಹತ್ತಿರವೇ ಇದೆ ಅಲ್ವಾ ಎಂದು ಬಿಡಬೇಡಿ. ಒಂದು ಅಂಕಿ ಇಳಿದರೆ ಆಮ್ಲೀಯತೆ 10 ಪಟ್ಟು, ಎರಡು ಇಳಿದರೆ 100 ಪಟ್ಟು! ಅಂಥ ದ್ರಾವಣ ಎಳೆಕಾಯಿಯನ್ನು ಸುಡಬಹುದು. ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಸೇರಿಸಿ ಮತ್ತೆ ನೋಡಬೇಕು.

ಪೆನ್ನಿನಂಥ ಪಿಎಚ್ ಮೀಟರ್ ಕೊಳ್ಳುವವರಿಗೆ ಒಂದು ಮಾತು. 4 ಮತ್ತು 7ರ ಬಫರ್ ದ್ರಾವಣದಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಹೊಂದಿಸದೆ ಅದರ ಅಂಕಿ ನಂಬಬೇಡಿ. ತುದಿಯ ಗಾಜಿನ ಗುಂಡಿಗೆ ಸುಣ್ಣ ಅಂಟಿದರೆ ಅಂಕಿ ತಪ್ಪುತ್ತದೆ. ಕೆಲಸ ಮುಗಿದ ಕೂಡಲೇ ತೊಳೆಯಿರಿ, ಒಣಗಲು ಬಿಡಬೇಡಿ.

ಮಳೆಗಾಲದ ಮೊದಲ ಸಿಂಪಡಣೆಗೆ ಮುಂಚೆ ಲೇಖನದ ಆ ಸಾಲನ್ನು ದಯವಿಟ್ಟು ತಿದ್ದಿ.